ಮೇಲ್ಮನೆಯ ಮೀಟರು

“ಎರಡು ಮೀಟರನ್ನೂ ಅದಲು ಬದಲು ಕೂರಿಸಿದೀಯಲ್ಲಯ್ಯಾ! ಕಣ್ಣು ನೆತ್ತಿ ಮೇಲಿತ್ತಾ?” ಎಂದು ಸಾಹೇಬರು ಮೆಟ್ಟಿಲ ಬುಡದಲ್ಲಿ ನಿಂತು ಪ್ಲಂಬರನ ಮೇಲೆ ಹರಿಹಾಯ್ದರು. ಗೋಡೆಯಲ್ಲಿ ಒಂದು ತಿಂಗಳ ಹಿಂದಷ್ಟೇ ಬಂದ ಎರಡು ನೀರಿನ ಮೀಟರು, ಅವುಗಳ ಕೆಳಗೆ ಮೊಳೆಗೆ ನೇತುಹಾಕಿದ ಸ್ಲೇಟು. ಸ್ಲೇಟಿನಲ್ಲಿ ಸಾಹೇಬರದೇ ಮುತ್ತಿನಂಥ ಅಕ್ಷರ. ಮೇಲ್ಮನೆ: ಜನ 2, ಹದಿನಾಲ್ಕು ಸಾವಿರ ಲೀಟರ್. ಕೆಳಮನೆ: ಜನ 6, ಒಂಬತ್ತು ಸಾವಿರ. ತೂಕ-ಅಳತೆ ಇಲಾಖೆಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಟರಾಗಿದ್ದು, ಊರಿನ ತಕ್ಕಡಿಗಳಿಗೆಲ್ಲ ನಡುಕ ಹುಟ್ಟಿಸಿ ನಿವೃತ್ತರಾದ ಮನುಷ್ಯ. ಅಂಥವರ ಮನೆಯಲ್ಲೇ ಇಂಥ ಅನ್ಯಾಯ ಅಂದರೆ!

ಕೆಳಮನೆಯ ತಮ್ಮ ಬಾಗಿಲಿಗೆ ಒರಗಿ, ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಮಜಾ ನೋಡುತ್ತಿದ್ದ. ಮೊದಲು ಇಡೀ ಮನೆಗೆ ಒಂದೇ ಬಿಲ್ಲು ಬರುತ್ತಿತ್ತು, ಅರ್ಧ ಅಣ್ಣನಿಗೆ, ಅರ್ಧ ತಮ್ಮನಿಗೆ. “ನಾವಿಬ್ಬರು, ನೀವು ಆರು ಜನ. ಬಳಸಿದವರು ಬಳಸಿದಷ್ಟಕ್ಕೆ ಕೊಡಬೇಕಪ್ಪಾ, ಅದು ನ್ಯಾಯ” ಎಂದು ಪಟ್ಟು ಹಿಡಿದು ಮೀಟರು ಹಾಕಿಸಿದ್ದು ಸಾಹೇಬರೇ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. “ನನ್ನ ಮೀಟರು ನಿನ್ನದಕ್ಕಿಂತ ಜಾಸ್ತಿ ಓಡಿದ್ರೆ ಈ ಮೀಸೆ ಬೋಳಿಸ್ಕೋತೀನಿ” ಎಂದು ಎಲ್ಲರೆದುರು ಹೇಳಿಯೂ ಬಿಟ್ಟಿದ್ದರು.

“ಅಣ್ಣ, ಬ್ಲೇಡು ನಾನೇ ಕೊಡ್ತೀನಿ. ಹೊಸಾದು ತಂದಿಟ್ಟಿದೀನಿ” ಎಂದ ತಮ್ಮ.

“ತೆಪ್ಪಗಿರೋ! ಆರು ಜನ ಇದೀರಲ್ಲ, ನೀರು ಮುಟ್ಟೋದೇ ಇಲ್ವಾ?”

“ಮುಟ್ತೀವಿ, ಬರೀ ಮುಟ್ತೀವಿ. ನನ್ನ ಹೆಂಡ್ತಿ ಬಕೆಟ್ಟಿಗೆ ಬಣ್ಣದಲ್ಲಿ ಗೆರೆ ಎಳೆದಿಟ್ಟಿದಾಳೆ. ತಲೆಗೆ ಅರ್ಧ ಬಕೆಟ್ಟು, ಮೇಲೆ ಒಂದು ಹನಿ ಇಲ್ಲ. ಕೈಯಿಂದ ದುಡ್ಡು ಹೋದ್ರೆ ತಾನಾಗೇ ಬುದ್ಧಿ ಬರುತ್ತೆ ಅಂತ ನೀನೇ ಅಲ್ವಾ ಅಂದಿದ್ದು? ಬಂತು ನೋಡು.”

ಪ್ಲಂಬರ್ ಇವರ ಜಗಳಕ್ಕೆ ಕಿವಿಗೊಡದೆ ಕೆಳಮನೆಯ ವಾಲ್ವ್ ಬಿಗಿಯಾಗಿ ತಿರುಗಿಸಿದ. “ನೋಡಿ ಸಾಹೇಬ್ರೇ, ಕೆಳಗಿನ ನೀರು ಪೂರ್ತಿ ನಿಂತಿದೆ. ಆದ್ರೂ ನಿಮ್ಮ ಮುಳ್ಳು ಬುಗುರಿ ಥರ ತಿರುಗ್ತಿದೆ. ಮೀಟರ್ ಅದಲು ಬದಲಾಗಿಲ್ಲ. ಒಂದೋ ನಿಮ್ಮನೇಲಿ ಈಗ ಯಾರೋ ನೀರು ಬಿಟ್ಟಿದಾರೆ, ಇಲ್ಲಾ ಎಲ್ಲೋ ಸೋರ್ತಿದೆ.”

“ಈ ಹೊತ್ತಲ್ಲಿ ಯಾರಯ್ಯ ಬಿಡ್ತಾರೆ? ನಮ್ಮವಳದು ಆರು ಗಂಟೆಗೇ ಸ್ನಾನ ಮುಗಿದಿರುತ್ತೆ” ಎಂದು ಗೊಣಗುತ್ತ ಸಾಹೇಬರು ಸೋರುವ ಜಾಗ ಹುಡುಕಲು ಮೆಟ್ಟಿಲು ಹತ್ತಿದರು. ದಿನವೂ ಈ ಹೊತ್ತಿಗೆ ಅವರು ವಾಕಿಂಗಿನಲ್ಲಿರುತ್ತಿದ್ದರು, ಇವತ್ತು ಪ್ಲಂಬರನಿಗಾಗಿ ತಪ್ಪಿಸಿದ್ದರು. ಮೇಲಿನಿಂದ ತಮ್ಮನ ನಾಲ್ಕು ಮಕ್ಕಳು ಮಗ್ಗಿ ಒಪ್ಪಿಸುವ ದನಿ ಕೇಳುತ್ತಿತ್ತು. ಒಂದು ತಿಂಗಳಿಂದ ಸ್ಕೂಲಿಗೆ ಮೊದಲು ದೊಡ್ಡಮ್ಮನ ಹತ್ತಿರ ಮಗ್ಗಿ ಕಲಿಯಲು ಬರುತ್ತವೆ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಮಗ್ಗಿ ಬರುತ್ತಿದ್ದದ್ದು ಹಜಾರದಿಂದಲ್ಲ, ಬಚ್ಚಲಿನಿಂದ!

ಸಾಹೇಬರು ಬಾಗಿಲಲ್ಲಿ ಇಣುಕಿದರು. ನಾಲ್ಕು ತಲೆ, ನಾಲ್ಕರ ಮೇಲೂ ನೊರೆಯ ಟೋಪಿ. ಹೆಂಡತಿ ಸ್ಟೂಲಿನ ಮೇಲೆ ಕೂತು ಚೊಂಬು ಹಿಡಿದಿದ್ದಳು. “ಏಳೆಂಟ್ಲ ಐವತ್ತಾರು!” ಎಂದಳು ದೊಡ್ಡವಳು. ಅವಳ ತಲೆಗೆ ಒಂದು ಚೊಂಬು ಬಿಸಿನೀರು. “ಏಳೆಂಟ್ಲ ನೂರು!” ಎಂದಳು ಎಲ್ಲಕ್ಕಿಂತ ಚಿಕ್ಕವಳು. ತಪ್ಪು ಹೇಳಿದ್ದಕ್ಕೆ ಶಿಕ್ಷೆ, ಎರಡು ಚೊಂಬು. ಮನೆಯೆಲ್ಲ ಕೇಕೆ.

“ಏನೇ ಇದು!”

ಹೆಂಡತಿ ಬೆಚ್ಚಿದಳು, ಆದರೆ ಚೊಂಬು ಬಿಡಲಿಲ್ಲ. “ಕೂಗಬೇಡಿ. ಕೆಳಗಿನ ಅರ್ಧ ಬಕೆಟ್ಟು ಹುಯ್ಕೊಂಡೇ ಬರ್ತಾವೆ, ಅದಕ್ಕೇ ಯಾರಿಗೂ ಅನುಮಾನ ಬಂದಿಲ್ಲ. ಸೋಪು ಕೂಡ ಹೋಗಲ್ಲ ದೊಡ್ಡಮ್ಮ ಅಂದ್ವು, ನಾನೇ ಬನ್ನಿ ಅಂದೆ. ಮೀಟರ್ ಬರೋಕೆ ಮುಂಚೆ ಇವು ಮೇಲೆ ಹತ್ತಿ ಬಂದಿದ್ದು ಯಾವತ್ತು, ಹೇಳಿ? ಈಗ ದಿನಾ ಬರ್ತಾವೆ. ಹೋಗಿ ಹೇಳ್ಬಿಡಿ ಬೇಕಾದ್ರೆ, ನಿಮ್ಮ ಮೀಸೆ ಉಳಿಯುತ್ತೆ. ನಾಳೆಯಿಂದ ಇವರಮ್ಮ ಕಳಿಸಲ್ಲ, ಅಷ್ಟೇ. ಬೇರೆಯವರ ಒಂದು ತೊಟ್ಟು ನೀರಿನ ಋಣವೂ ಬೇಡ ಅನ್ನೋಳು ಅವಳು.” ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿ ಬಂತು.

ಸಾಹೇಬರು ತಲೆಯೆತ್ತಿ ನೋಡಿದರು. ಬಚ್ಚಲಿನ ತಂತಿಯ ಮೇಲೆ ನಾಲ್ಕು ಪುಟಾಣಿ ಟವೆಲು ಸಾಲಾಗಿ ಕಾಯುತ್ತಿದ್ದವು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಆ ತಂತಿಯ ಮೇಲೆ ಎರಡಕ್ಕಿಂತ ಹೆಚ್ಚು ಟವೆಲು ಒಣಗಿದ್ದೇ ಇಲ್ಲ.

“ದೊಡ್ಡಪ್ಪ, ನೀನೂ ತಪ್ಪು ಹೇಳು. ಎರಡು ಚೊಂಬು ಸಿಗುತ್ತೆ” ಎಂದು ಚಿಕ್ಕವಳು ಗುಟ್ಟು ಹೇಳಿಕೊಟ್ಟಳು.

ಅವರು ಕೆಳಗಿಳಿದು ಬಂದಾಗ ಪ್ಲಂಬರ್ ಸ್ಪ್ಯಾನರ್ ಹಿಡಿದು ಸಿದ್ಧನಾಗಿದ್ದ. “ಎಲ್ಲಿ ಸೋರ್ತಿದೆ ಸಾಹೇಬ್ರೇ?”

“ಎಲ್ಲೂ ಇಲ್ಲ. ಮೀಟರ್ ಸರಿಯಾಗೇ ಇದೆ. ತಪ್ಪು ನನ್ನದು.” ಸಾಹೇಬರ ಬಾಯಿಂದ ಈ ಮಾತು ಕೇಳಿ ತಮ್ಮನ ಬ್ರಷ್ಷು ಬಾಯಿಂದ ಜಾರಿ ಬಿತ್ತು. ಸಾಹೇಬರು ಸ್ಲೇಟಿನ ಮುಂದೆ ಬಗ್ಗಿ, ಮೇಲ್ಮನೆಯ ಎದುರಿದ್ದ ‘ಜನ 2’ರ ಎರಡನ್ನು ಹೆಬ್ಬೆರಳಿಂದ ಉಜ್ಜಿ ಅಳಿಸಿದರು. ಬಳಪ ತೆಗೆದು ಆ ಜಾಗದಲ್ಲಿ ಮುತ್ತಿನಂಥ ಒಂದು ಆರು ಬರೆದರು.

ತಮ್ಮ ಬಗ್ಗಿ ನೋಡಿದ. “ಅಣ್ಣ, ತಪ್ಪು ಬರೆದೆ. ಆರು ಜನ ಇರೋದು ನಮ್ಮನೇಲಿ.”

“ನಮ್ಮನೇಲೂ ಅಷ್ಟೇ ಕಣೋ” ಎಂದು ಸಾಹೇಬರು ಕೈ ಚಾಚಿದರು. “ಆ ಬ್ಲೇಡು ಕೊಡು ಇಲ್ಲಿ.”