ಶಾಂತಲಿಂಗಪ್ಪನ ಚೀಟಿ

ಮೈಕ್ ಸಿಗಲಿಲ್ಲ ಎಂದು ಕಂಪ್ಯೂಟರ್ ಇಂಗ್ಲಿಷಿನಲ್ಲಿ ಹನ್ನೊಂದನೇ ಸಲ ತೋರಿಸಿತು. ಕೌಶಿಕ ಗುಟ್ಕಾವನ್ನು ಎಡಗೆನ್ನೆಗೆ ಸರಿಸಿ, ಹೆಡ್‌ಫೋನಿನ ಮೈಕನ್ನು ತುಟಿಗೆ ಹತ್ತಿಸಿಕೊಂಡು ಮತ್ತೆ ಕೂಗಿದ.

"ಹಲೋ. ಹಲೋ. ಟೆಸ್ಟಿಂಗ್."

ಪರದೆಯ ಮೇಲಿನ ಹಸಿರು ಗೆರೆ ಮಿಸುಕಲಿಲ್ಲ.

ಗುಲಾಬಿ ಪಿನ್ನು ಗುಲಾಬಿ ತೂತಿಗೆ, ಹಸಿರು ಪಿನ್ನು ಹಸಿರು ತೂತಿಗೆ ಹಾಕಿದ್ದಾಯಿತು. ಡ್ರೈವರ್ ತೆಗೆದು ಹೊಸದಾಗಿ ಹಾಕಿದ್ದಾಯಿತು. ಹಾಡು ಹಚ್ಚಿದರೆ ಚೆನ್ನಾಗಿ ಕೇಳಿಸುತ್ತಿತ್ತು, ಮಾತಾಡಿದರೆ ಮಾತ್ರ ಕಂಪ್ಯೂಟರಿಗೆ ಮೈಕೇ ಕಾಣುತ್ತಿರಲಿಲ್ಲ. ಅಕ್ಕಲಕೋಟದ ಬಸ್ ಸ್ಟ್ಯಾಂಡಿನ ಎದುರಿನ ತನ್ನ ಕ್ಲಾಸಿಗೆ 'ಕಂಪ್ಯೂಟರಿನ ಜೊತೆ ಇಂಗ್ಲಿಷ್ ಮಾತಾಡಿ' ಎಂದು ಬೋರ್ಡು ಬರೆಸಿ ಆರು ತಿಂಗಳೂ ಆಗಿರಲಿಲ್ಲ. ೧೯೯೯ರಲ್ಲಿ ಇಡೀ ತಾಲೂಕಿಗೆ ಅಂಥ ಹೆಡ್‌ಫೋನು ಇದ್ದದ್ದು ಅದೊಂದೇ.

"ಇದು ಆ ಬಾಯಿದೇ ಕೆಲಸ," ಎಂದ ಕೌಶಿಕ.

ಬಾಯಿ ಎಂದರೆ ಗಂಗುಬಾಯಿ. ಕಸ ಹೊಡೆದು ನೀರು ತುಂಬುವ ಹೆಂಗಸಿಗೆ ಮರಾಠಿ ರೂಢಿಯಂತೆ ಊರೆಲ್ಲ ಹೇಳುವ ಹಾಗೆ ಅವನೂ ಬರೀ ಬಾಯಿ ಎನ್ನುತ್ತಿದ್ದ. ಅವಳು ಹಲ್ಲಿಗೆ ತಿಕ್ಕುವ ಮಿಶ್ರಿ, ಆ ಕರಿ ತಂಬಾಕಿನ ಪುಡಿ, ಕಂಡರೆ ಅವನಿಗೆ ವಾಂತಿ ಬಂದಂತಾಗುತ್ತಿತ್ತು. ಸೀರೆಗೆ ಕುರಿ ವಾಸನೆಯಂತೆ. ಅವಳು ತುಂಬಿದ ನೀರನ್ನು ಅವನು ಕುಡಿಯುತ್ತಿರಲಿಲ್ಲ. ದಿನಕ್ಕೆ ಹತ್ತು ಪುಡಿ ಗುಟ್ಕಾ ಜಗಿದು ಕಿಟಕಿಯ ಕೆಳಗಿನ ಗೋಡೆಯನ್ನೆಲ್ಲ ಕೆಂಪು ಮಾಡಿದವನಿಗೆ ಇನ್ನೊಬ್ಬರ ಹಲ್ಲು ಕಂಡರೆ ಹೇಸಿಗೆ. ಇಂಥವರನ್ನು ಕಂಡರೆ ಮೈ ಉರಿಯುತ್ತದೆ. ಆ ಗೋಡೆಯನ್ನು ದಿನಾ ತಿಕ್ಕುತ್ತಿದ್ದವಳೂ ಗಂಗುಬಾಯಿಯೇ.

ಅವಳು ಪಗಾರ ಕೇಳಿದವಳಲ್ಲ. ಮಗಳು ಕಾಜಲಳನ್ನು ಕ್ಲಾಸಿನಲ್ಲಿ ಕೂರಿಸಿಕೊಂಡರೆ ಸಾಕು ಎಂದಿದ್ದಳು. ಮುಂದಿನ ತಿಂಗಳು ಕಾಜಲಳ ಪರೀಕ್ಷೆ. ಪಾಸಾದರೆ ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಂಗ್ ಕೆಲಸ ಗಟ್ಟಿಯಾಗಿತ್ತು.

"ಬಾಯಿ, ನಿನ್ನಿ ಇದಕ್ಕ ಹಸಿ ಅರಿವಿ ಹಚ್ಚಿದ್ದಿ ಏನು?"

"ಕೆಂಪ ಕಲಿ ಬಿದ್ದಿದ್ವುರಿ ಸಾಹೇಬ್ರ. ಒರಸಿನಿ."

"ಒರಸಿಲ್ಲ ನೀ. ತಲಿಗಿ ಹಾಕ್ಕೊಂಡು ಒದರಿದಿ. ನಿನ್ನ ಮಿಶ್ರಿ ಉಗುಳು ಒಳಗ ಹೋಗ್ಯದ. ಛೀ."

ಗಂಗುಬಾಯಿ ಗೋಡೆಯ ಕಡೆ ಒಮ್ಮೆ ನೋಡಿದಳು. ಮಗಳ ಕಡೆ ಒಮ್ಮೆ ನೋಡಿದಳು. ಕಸಬರಿಗೆ ಎತ್ತಿಕೊಂಡಳು.

ಕೌಶಿಕ ಮೈಂದರ್ಗಿಗೆ ಫೋನು ಮಾಡಿದ. ಶಾಂತಲಿಂಗಪ್ಪ ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿದ ಮುದುಕ. ಮಾನಿಟರಿಗೆ ಕಣ್ಣು ಎನ್ನುತ್ತಿದ್ದ, ತಂತಿಗೆ ನರ ಎನ್ನುತ್ತಿದ್ದ. ಅಂಥವನನ್ನು ಕರೆಯಬೇಕಾಗಿ ಬಂದದ್ದಕ್ಕೂ ಕೌಶಿಕನಿಗೆ ಅಸಹ್ಯವೇ.

"ನಾಳಿಗಿ ನಾ ಸೊಲ್ಲಾಪುರಕ್ಕ ಹೊಂಟೀನಿ. ದೋಷ ಎಲ್ಲಿ ಅದ ಅಂತ ಬರದಿಟ್ಟು ಹೋಗ್ರಿ," ಎಂದ ಫೋನಿನಲ್ಲಿ.

ಮುದುಕ ಬಂದ, ನೋಡಿದ, ಬರೆದಿಟ್ಟು ಐದರ ಬಸ್ಸಿಗೆ ಹೋದ. ಮರುದಿನ ಮುಂಜಾನೆ ಕೀಬೋರ್ಡಿನ ಕೆಳಗೆ ಚೀಟಿ ಸಿಕ್ಕಿತು. ಕನ್ನಡದಲ್ಲಿತ್ತು.

ಕೌಶಿಕ ಮನೆಯಲ್ಲಿ ಕನ್ನಡ ಮಾತಾಡುವವನೇ, ಆದರೆ ಕಲಿತದ್ದೆಲ್ಲ ಮರಾಠಿ ಶಾಲೆಯಲ್ಲಿ. ಕ್ಲಾಸಿನ ಹುಡುಗರೂ ಅಷ್ಟೆ, ಕಾಜಲಳೂ ಅಷ್ಟೆ. ಆ ಕೋಣೆಯಲ್ಲಿ ಕನ್ನಡ ಓದಬಲ್ಲವಳು ಒಬ್ಬಳೇ, ತಡವಳದ ಕನ್ನಡ ಶಾಲೆಯಲ್ಲಿ ನಾಲ್ಕನೆಯವರೆಗೆ ಕಲಿತ ಗಂಗುಬಾಯಿ.

"ಬಾಯಿ, ಇಲ್ಲಿ ಬಾ. ಓದು."

ಅವಳು ಸೆರಗಿಗೆ ಕೈ ಒರೆಸಿಕೊಂಡು ಚೀಟಿ ಹಿಡಿದಳು. ಅಕ್ಷರ ಕೂಡಿಸಿ ಕೂಡಿಸಿ ಓದಿದಳು.

"ಕಂಪ್ಯೂಟರದಾಗ ಏನೂ ದೋಷ ಇಲ್ಲ." ಅಲ್ಲಿಗೆ ನಿಂತಳು.

"ಮುಂದ?"

"ಬಾಯಿ ಕೆಟ್ಟದ."

ಬೇರೆ ಏನು ಓದಿದ್ದರೂ ಅಲ್ಲಿ ಹಿಡಿಯುವವರಿರಲಿಲ್ಲ. ಅವಳು ಇದ್ದದ್ದನ್ನೇ ಓದಿದಳು.

"ಇಟಗೊಂಡು ಉಪಯೋಗ ಇಲ್ಲ. ತಗದು ಹೊಸಾದು ತರ್ರಿ. ಐತವಾರ ಬರತೀನಿ." ಚೀಟಿಯನ್ನು ಮಡಿಸಿ ಮೇಜಿನ ಮೇಲಿಟ್ಟಳು. "ಕೆಟ್ಟಾಳ ಅಂತನೂ ಬರದಿಲ್ಲ ನೋಡ್ರಿ ಸಾಹೇಬ್ರ. ಕೆಟ್ಟದ ಅಂತ ಬರದಾರ. ನನಗ ಮನಿಷ್ಯಾಳಂತ ಸುದ್ದಾ ಲೆಕ್ಕಾ ಹಿಡದಿಲ್ಲ."

"ಮೈಂದರ್ಗಿ ಮುದುಕಗ ಸುದ್ದಾ ತಿಳೀತು," ಕೌಶಿಕ ನಕ್ಕ. "ನಿನ್ನ ಪೋರಿನ್ನ ಕರ್ಕೊಂಡು ಹೋಗು. ನಾಳಿಂದ ಇಬ್ಬರೂ ಬರಬ್ಯಾಡ್ರಿ."

ಕಾಜಲ ಟೈಪ್ ಮಾಡುತ್ತಿದ್ದ ಸಾಲನ್ನು ಅರ್ಧಕ್ಕೆ ಬಿಟ್ಟು ಎದ್ದಳು.

"ಒಂದ ತಿಂಗಳಷ್ಟರಿ," ಎಂದಳು ಗಂಗುಬಾಯಿ. "ಪರೀಕ್ಷಾ ಆಗೂತನಕ. ನಾ ಬರೂದಿಲ್ಲ, ಆಕಿ ಒಬ್ಬಾಕಿ ಬರತಾಳ."

ಕೌಶಿಕ ಕಿಟಕಿಯ ಹೊರಗೆ ಉಗುಳಿದ. ಉತ್ತರ ಅದೇ. ತಾಯಿ ಮಗಳು ರಸ್ತೆ ದಾಟಿ ತಡವಳದ ಬಸ್ಸು ಹತ್ತುವುದನ್ನು ಹುಡುಗರೆಲ್ಲ ನೋಡಿದರು.

ಐತವಾರ ಶಾಂತಲಿಂಗಪ್ಪ ಹೇಳಿದಂತೆಯೇ ಬಂದ. ಚೀಲ ಇಳಿಸಿ, ಕನ್ನಡಕ ಏರಿಸಿಕೊಂಡ.

"ಹೊಸಾ ಬಾಯಿ ತಂದೀರೇನ್ರಿ ಸಾಹೇಬ್ರ?"

"ತಂದೀನಲ್ಲ." ಕೌಶಿಕ ಹೊಸ ಪುಡಿಯನ್ನು ಹಲ್ಲಿನಿಂದ ಹರಿಯುತ್ತ ಮೂಲೆಯ ಕಡೆ ಗೋಣು ಹಾಕಿದ. ಅಲ್ಲಿ ಇಂದುಬಾಯಿ ಎಂಬವಳು ಕಸ ಹೊಡೆಯುತ್ತಿದ್ದಳು. "ನಿಮ್ಮ ಚೀಟಿ ಓದಿಸಿದ ದಿನಾನೇ ಹಳೀದು ತಗದು ಒಗದೆ."

ಮುದುಕ ಇಂದುಬಾಯಿಯನ್ನು ನೋಡಿದ. ಕೌಶಿಕನನ್ನು ನೋಡಿದ. ಏನೂ ತಿಳಿಯದೆ ಮೇಜಿನ ಮೇಲಿದ್ದ ಹೆಡ್‌ಫೋನನ್ನು ಎತ್ತಿಕೊಂಡ.

"ಎಲ್ಲಿ ತಗದೀರಿ? ಇಲ್ಲೇ ಅದಲ್ಲ," ಎನ್ನುತ್ತ ಮೈಕಿನ ಮುಂದಿನ ಜಾಲರಿ ಬಿಚ್ಚಿ, ತನ್ನದೇ ಚೀಟಿಯ ಮೇಲೆ ಬೋರಲು ಹಿಡಿದು ಬೆರಳಿನಿಂದ ತಟ್ಟಿದ.

"ಈ ಬಾಯಿ ರೀ," ಎಂದ ಶಾಂತಲಿಂಗಪ್ಪ, ಕೆಂಪು ಗುಟ್ಕಾದ ಚೂರುಗಳು ಚೀಟಿಯ ಮೇಲೆ ಒಂದೊಂದೇ ಉದುರುತ್ತಿದ್ದಂತೆ.