ಮೀನಿನದಲ್ಲ

ಕಂಪ್ಯೂಟರ್ ಪರದೆಯ ಮೇಲೆ ಬಂದ ಉತ್ತರವನ್ನು ಅವಳು ಮತ್ತೆ ಮತ್ತೆ ಓದಿದಳು. ಮೀನಿನ ಮಾದರಿಯಲ್ಲಿ ಸಿಕ್ಕ ಆ ಡಿಎನ್‌ಎ ಸಾಲು, ಮೀನಿನ ಇಡೀ ಜೀನೋಮನ್ನು, ಅಂದರೆ ಅದರ ಡಿಎನ್‌ಎಯ ಪೂರ್ತಿ ಪಾಠವನ್ನು, ಜಾಲಾಡಿದರೂ ಎಲ್ಲೂ ತಾಳೆಯಾಗಿರಲಿಲ್ಲ. ಹೊಸ ಜೀನೇ ಇರಬೇಕೆಂದು ಪ್ರಯೋಗಾಲಯವೆಲ್ಲ ಹಿಗ್ಗಿತ್ತು. ಈಗ ಮನುಷ್ಯನ ಜೀನೋಮಿನಲ್ಲಿ ಹುಡುಕಿಸಿದರೆ ಅಕ್ಷರಕ್ಕೆ ಅಕ್ಷರ ಕೂಡಿಬಂದಿತ್ತು.

"ಅಯ್ಯೋ, ಯಾರೋ ಬರಿಗೈಲಿ ಮುಟ್ಟಿಬಿಟ್ಟಿದ್ದಾರೆ ಮೇಡಂ!" ಎಂದು ಸಹೋದ್ಯೋಗಿ ನಕ್ಕ. ಮಾದರಿಯಿದ್ದ ಕೊಳವೆಯ ಮೇಲಿನ ಕೈಬರಹ ಕಂಡದ್ದೇ ಅವನ ನಗು ನಿಂತುಹೋಯಿತು. ಆ ಮಾದರಿ ತಯಾರಿಸಿಟ್ಟಿದ್ದು ಅವಳ ಗಂಡ. ಗಂಡ ತೀರಿಕೊಂಡ ಮೇಲೆ ಅವಳೆದುರು ಯಾರೂ ಅವನ ಮಾತೆತ್ತುತ್ತಿರಲಿಲ್ಲ. ಅವಳೂ ಎತ್ತಿರಲಿಲ್ಲ.

"ಕೈಗವಸು ಹಾಕ್ಕೊಳ್ರೀ ಅಂತ ನಾನು ಬಡ್ಕೊಂಡಿದ್ದೇ ಬಂತು," ಎಂದಳು. "ಕಿವಿಗೆ ಹಾಕ್ಕೊಂಡ್ರೆ ತಾನೆ!"

"ಮಾದರಿ ಕೆಟ್ಟಿದೆಯಲ್ಲ ಮೇಡಂ, ಬಿಸಾಕಲಾ?" ಎಂದು ಸಹೋದ್ಯೋಗಿ ಮೆಲ್ಲಗೆ ಕೇಳಿದ.

"ಕೊಡಿ ಇಲ್ಲಿ," ಎಂದು ಅವಳು ಕೊಳವೆಯನ್ನು ಕಸಿದುಕೊಂಡಳು. ಎಲ್ಲಿ ತನ್ನ ಅಂಗೈಯಲ್ಲೇ ಬೆಚ್ಚಗಾಗಿ ಹಾಳಾಗಿಬಿಡುತ್ತದೋ ಎಂದು ಹೆದರಿ, ದಡದಡನೆ ಹೋಗಿ ಫ್ರೀಜರಿನ ಬಾಗಿಲು ತೆಗೆದಳು.