ಬಿ ವಿಭಾಗದ ಮಕ್ಕಳು

ಭಿನ್ನರಾಶಿ ಕಲಿಸುವ ಹೊಸ ವಿಧಾನವೊಂದನ್ನು ಪರೀಕ್ಷಿಸಲು ಮಂದಾಕಿನಿಗೆ ಸಂಶೋಧನಾ ಅನುದಾನ ಸಿಕ್ಕಿತ್ತು. ಐದನೇ ತರಗತಿಯ ಎ ವಿಭಾಗಕ್ಕೆ ಕಾಗದದ ರೊಟ್ಟಿಗಳನ್ನು ಹರಿದು ಹಂಚುತ್ತ ಹೊಸ ಪಾಠ ನಡೆಯಿತು. ಹೋಲಿಸಿ ನೋಡಲೆಂದು ಬಿ ವಿಭಾಗದವರನ್ನು ಹಳೆಯ ಪಾಠದಲ್ಲೇ ಬಿಟ್ಟಿದ್ದಳು. ಕೊನೆಯ ಪರೀಕ್ಷೆಯಲ್ಲಿ ನೋಡಿದರೆ ಅವರೂ ಅಷ್ಟೇ ಚೆನ್ನಾಗಿ ಬರೆದಿದ್ದರು.

"ಯಾರೋ ನಮ್ಮ ಪಾಠಾನ ಆ ಮಕ್ಕಳಿಗೂ ಮುಟ್ಟಿಸಿದ್ದಾರೆ ಸರ್. ಇನ್ನು ನಾನು ಹೋಲಿಸೋದಾದ್ರೂ ಏನನ್ನ?" ಎಂದು ಮಂದಾಕಿನಿ ಮುಖ್ಯೋಪಾಧ್ಯಾಯರ ಮುಂದೆ ಸಿಡುಕಿದಳು.

ಅವರು ಅವಳನ್ನು ಕರೆದುಕೊಂಡು ನೇರವಾಗಿ ಎ ವಿಭಾಗಕ್ಕೆ ಬಂದರು.

"ಬಿ ವಿಭಾಗದವ್ರಿಗೆ ಯಾರು ಹೇಳಿಕೊಟ್ಟೀರಿ? ಖರೇ ಹೇಳ್ರಿ!"

ಹಿಂದಿನ ಸಾಲಿನಿಂದ ಮೆಹಜಬೀನ್ ತಲೆ ತಗ್ಗಿಸಿ ಎದ್ದು ನಿಂತಳು.

"ನಾನ ರೀ ಸರ್. ಆಟಕ್ಕ ಬಿಟ್ಟಾಗ ಎಲ್ಲಾರನ್ನೂ ಕುಂಡ್ರಿಸ್ಕೊಂಡು ಹೇಳಿಕೊಡ್ತಿದ್ದೆ."

"ಯಾಕಮ್ಮಾ?" ಎಂದು ಮಂದಾಕಿನಿ ಕೇಳಿದಳು.

"ಅವ್ರಿಗೆ ತಿಳೀತಿದ್ದಿಲ್ರಿ."

ಮಂದಾಕಿನಿಗೆ ಆ ಮುಖವನ್ನು ಎದುರಿಸಿ ನೋಡಲಾಗಲಿಲ್ಲ. ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಅಳತೊಡಗಿದಳು.

"ತಪ್ಪಾತ್ರಿ ಮೇಡಂ. ಇನ್ನ ಮ್ಯಾಲೆ ಯಾರಿಗೂ ಏನೂ ಹೇಳಿಕೊಡಂಗಿಲ್ಲ."